ಘಟದ ಮಣ್ಣು

ಲೋಣಾವಳಾದ ಚಿಕ್ಕಿ ಅಂಗಡಿಯಿಂದ ವಾಪಸ್ಸು ಬಂದ ರೋಲುಗಳನ್ನು ಬಿಚ್ಚಿದರೆ ಒಳಗೆಲ್ಲ ಬೂದುಬಣ್ಣದ ಬೂಸ್ಟು. ಹಳೇ ಗೋಣಿಚೀಲದ ವಾಸನೆ. ಆ ಊರಿನ ಮಳೆಗಾಲದಲ್ಲಿ ಗೋಡೆಗೇ ಬೂಸ್ಟು ಹಿಡಿಯುತ್ತದೆ, ಇನ್ನು ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ನಮ್ಮ ಹಾಳೆಯನ್ನು ಬಿಟ್ಟೀತೇ? ಅಂಗಡಿಯವನು ಫೋನಿನಲ್ಲಿ ಒಂದೇ ಮಾತು ಹೇಳಿದ: "ಮೇಡಂ, ನಿಮ್ಮ ಹಾಳೆ ಮಣ್ಣಾಗಲಿ, ಬೇಡ ಅನ್ನಲ್ಲ. ಆದರೆ ನನ್ನ ಅಂಗಡಿಯಲ್ಲೇ ಮಣ್ಣಾಗೋದು ಬೇಡ."

ನಾವು ಮಾಡುತ್ತಿದ್ದದ್ದು ನೋಡಲು ಪ್ಲಾಸ್ಟಿಕ್ಕಿನಂತಿದ್ದು, ಹೂತರೆ ಗೊಬ್ಬರವಾಗುವ ತೆಳು ಹಾಳೆ. ಮೆಕ್ಕೆಜೋಳದ ಪಿಷ್ಟ, ಗ್ಲಿಸರಿನ್, ಜತೆಗೆ ಮಣ್ಣಿನಲ್ಲಿ ಕರಗುವ ಜಾತಿಯ ದಾಣಾ. ಪ್ಲಾಸ್ಟಿಕ್ ಕಾಳಿಗೆ ಕಾರ್ಖಾನೆಯಲ್ಲಿ ಎಲ್ಲರೂ ದಾಣಾ ಅಂತಲೇ ಅನ್ನುವುದು. ಇವನ್ನು ಬೆರೆಸಿ, ಕಾಯಿಸಿ, ದೊಡ್ಡ ಬಲೂನಿನಂತೆ ಊದಿ, ಆ ಬಲೂನನ್ನು ಚಪ್ಪಟೆ ಒತ್ತಿ ಸುತ್ತಿದರೆ ರೋಲು. ಕಾರ್ಖಾನೆ ಇದ್ದದ್ದು ಪುಣೆ ಹೊರಗಿನ ಪಿರಂಗುಟದಲ್ಲಿ. ನಾನು ದಿನಾ ಕೋಥರೂಡದಿಂದ ಸ್ಕೂಟರ್ ಮೇಲೆ ಹೋಗುತ್ತಿದ್ದೆ. ಲ್ಯಾಬು ನನ್ನದು. ಲ್ಯಾಬು ಅಂದರೆ ಭಾಳ ದೊಡ್ಡದಾಗಿ ಊಹಿಸಿಕೊಳ್ಳಬೇಡಿ, ಒಂದು ತಕ್ಕಡಿ, ಒಂದು ಬಿಸಿಪೆಟ್ಟಿಗೆ, ಹಾಳೆ ಜಗ್ಗಿ ನೋಡುವ ಒಂದು ಯಂತ್ರ, ಒಂದು ಕಿಟಕಿ, ಮತ್ತೆ ನಾನು.

ಬೂಸ್ಟಿಗೆ ಮದ್ದು ನನ್ನ ಕೈಯಲ್ಲೇ ಇತ್ತು. ನೀಲಗಿರಿ ಎಲೆಯನ್ನು ನೆರಳಲ್ಲಿ ಒಣಗಿಸಿ, ಕುದಿಸಿ, ರಸ ಬತ್ತಿಸಿ ಮಾಡಿದ ಕಂದು ಪುಡಿ. ರಾಸಾಯನಿಕ ಹಾಕುವಂತಿಲ್ಲ, ಹಾಕಿದರೆ ಗೊಬ್ಬರವಾಗುವ ಹಾಳೆ ಅನ್ನುವ ಹೆಸರೇ ಹೋಗುತ್ತದೆ. ಗಿಡದ್ದೇ ಆಗಬೇಕು. ಅದಕ್ಕೆ ಎರಡು ವರ್ಷ ಹತ್ತಾರು ಎಲೆ, ತೊಗಟೆ, ಎಣ್ಣೆ ಹಾಕಿ ನೋಡಿ ಕೊನೆಗೆ ನೀಲಗಿರಿಗೆ ಬಂದು ನಿಂತಿದ್ದೆ. ಕಾರ್ಖಾನೆಯಲ್ಲಿ ಅದಕ್ಕೆ 'ಮೇಡಂ ಪುಡಿ' ಅಂತಲೇ ಹೆಸರು. ನನಗೂ ಅದನ್ನು ಕೇಳಿದರೆ ಒಳಗೊಳಗೇ ಖುಷಿ, ಯಾಕೆ ಸುಳ್ಳು ಹೇಳಲಿ.

ಬೇಸಿಗೆಯಲ್ಲಿ ನೂರು ಕಿಲೋ ದಾಣಾಕ್ಕೆ ಎರಡು ಕಿಲೋ ಪುಡಿ ಹಾಕುತ್ತಿದ್ದೆವು. ಈಗ ನಾಲ್ಕು ಮಾಡಿದೆ. ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಎಂಟನೇ ದಿನ ಬೂಸ್ಟು. ಆರು ಮಾಡಿದೆ. ಆರಕ್ಕೆ ಬಲೂನು ನಿಲ್ಲಲೊಲ್ಲದು. ಪುಡಿ ಗಾಳಿಯಿಂದ ನೀರು ಹೀರಿಕೊಂಡು ಬಂದಿರುತ್ತಿತ್ತು, ಒಳಗೆ ಅದು ಆವಿಯಾಗಿ ಹಾಳೆಗೆ ಸೂಜಿ ಚುಚ್ಚಿದಂತೆ ತೂತು. ಯಂತ್ರದ ಮಿಸ್ತ್ರಿ ದಿನಕ್ಕೆ ಹತ್ತು ಸಲ ಬಂದು "ಮೇಡಂ, ತುಮಚಾ ಬಲೂನ್ ಫುಟಲಾ" ಅಂದು ಹೋಗುತ್ತಿದ್ದ. ಬಲೂನು ಒಡೆದರೆ ನನ್ನದು, ನಿಂತರೆ ಅವನದು. ಪುಡಿಯನ್ನು ನಾಲ್ಕು ತಾಸು ಬಿಸಿಪೆಟ್ಟಿಗೆಯಲ್ಲಿಟ್ಟು ಒಣಗಿಸಿದೆ. ಶಾಖ ಇಳಿಸಿದೆ, ಕರಗಿದ ದಾಣಾ ನೂಕುವ ಸ್ಕ್ರೂ ತಿರುಗುವ ವೇಗ ಇಳಿಸಿದೆ. ಹನ್ನೊಂದನೇ ದಿನ ಬಲೂನು ನೆಟ್ಟಗೆ ಎದ್ದು ನಿಂತಿತು. ತೆಳು ಕಂದು ಬಣ್ಣ, ನೆಗಡಿ ಮುಲಾಮಿನ ಸಣ್ಣ ವಾಸನೆ. ಒದ್ದೆ ಬಟ್ಟೆಯಲ್ಲಿ ಒಂದು ತಿಂಗಳಿಟ್ಟರೂ ಬೂಸ್ಟು ಇಲ್ಲ. ಏನೂ ಇಲ್ಲ.

ಆ 'ಏನೂ ಇಲ್ಲ' ಅನ್ನುವುದನ್ನು ಅವತ್ತೇ ಸ್ವಲ್ಪ ಯೋಚಿಸಿ ನೋಡಬೇಕಿತ್ತು. ಖುಷಿಯಲ್ಲಿ ಯಾರು ಯೋಚಿಸುತ್ತಾರೆ?

ಇನ್ನು ಗುಂಡಿಯ ಮಾತು. ಕಾರ್ಖಾನೆಯ ಹಿಂದೆ ಇಟ್ಟಿಗೆಯ ಗೊಬ್ಬರದ ಗುಂಡಿಗಳಿದ್ದವು. ಹಾಳೆಯ ತುಂಡು, ಸೆಗಣಿ, ತರಗೆಲೆ ಬೆರೆಸಿ, ನೀರು ಚಿಮುಕಿಸಿ, ಹೊರಳಿಸುತ್ತ ಹೋದರೆ ಎರಡು ಎರಡೂವರೆ ತಿಂಗಳಿಗೆ ಹಾಳೆ ಕಾಣೆಯಾಗಬೇಕು. ಆ ಕೆಲಸ ಮಾವಶಿಯದು. ಯಾದಗಿರಿ ಕಡೆಯ ಹೆಂಗಸು. ಹರೆಯದಲ್ಲಿ ಬಿಲ್ಡಿಂಗ್ ಕೆಲಸಕ್ಕೆಂದು ಪುಣೆಗೆ ಬಂದವಳು, ಮೊಣಕಾಲು ಹೋದ ಮೇಲೆ ನಮ್ಮಲ್ಲಿ ಸೇರಿದ್ದಳು. ಎಲ್ಲರೂ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವಳು ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ಪ್ಯಾಕಿಂಗಿನ ಒಬ್ಬಳನ್ನು ಬಿಟ್ಟರೆ ಇಡೀ ಕಾರ್ಖಾನೆಯಲ್ಲಿ ಕನ್ನಡದಲ್ಲಿ ಬಯ್ಯಲಿಕ್ಕೂ ಬಯ್ಸಿಕೊಳ್ಳಲಿಕ್ಕೂ ನಮಗೆ ನಾವಿಬ್ಬರೇ.

ಹೊಸ ಹಾಳೆಯ ಅಂಚಿನ ಕತ್ತರಿಕೆ, ಒಡೆದ ಬಲೂನುಗಳ ರಾಶಿ, ಎಲ್ಲವನ್ನೂ ಒಂದೇ ಗುಂಡಿಗೆ ಹಾಕಿಸಿ ಅಂದರು ಮಾಲೀಕರು. ಪರೀಕ್ಷೆಯ ಲೆಕ್ಕಕ್ಕೆ ಅದು ಭಾಳ ಹೆಚ್ಚು. "ಜಾಗಾ ಇಲ್ಲ ಮೇಡಂ, ಹೋಗಲಿ ಬಿಡಿ" ಅಂದರು. ನಾನೂ ಹೋಗಲಿ ಅಂದೆ.

ಹಾಳೆ ಹೇಳಿದ ಸಮಯಕ್ಕೆ ಕರಗಿತು. ಗುಂಡಿ ತೆಗೆದರೆ ಕರೀ ಮಣ್ಣು, ಹುಡಿಹುಡಿ. ಮಾವಶಿ ಜರಡಿ ಹಿಡಿಯುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಕ್ಕಾರ, ಇದರಾಗ ಒಂದ್ ಹುಳಾನೂ ಇಲ್ರಿ."

"ಒಳಗ ಬಿಸಿ ಇತ್ತಲ್ಲ ಮಾವಶಿ, ಸತ್ತಿರ್ತಾವ."

"ಆರಿ ಹದಿನೈದ್ ದಿನಾ ಆತ್ರಿ. ಬಾಜೂಕಿನ ಗುಂಡ್ಯಾಗ ಎರಿಹುಳ ಮುಷ್ಟಿಮುಷ್ಟಿ ಅವ. ಇದರಾಗ ನೊಣಾ ಸೈತ ಕೂಡವಲ್ದು."

"ಛಲೋ ಆತಲ್ಲ, ನೊಣ ಇಲ್ದಿದ್ರ ನಿನಗ ಕೆಲಸ ಕಡಿಮಿ."

ಅವಳು ನಗಲಿಲ್ಲ. ಗುಂಡಿಯ ಅಂಚಿಗೆ ನೀರು ಬಸಿದ ಜಾಗದಲ್ಲಿ ಹುಲ್ಲು ಹಳದಿಯಾಗಿ ಮಲಗಿತ್ತು. ಅದನ್ನು ಅವಳು ಕಾಲಿನಿಂದ ಒತ್ತಿ ತೋರಿಸಿದಳು. ನಾನು ಬಿಸಿಲು ಅಂದೆ. ಭಾದ್ರಪದದ ಮಳೆ ಹನಿಯುತ್ತಿದ್ದಾಗ ಬಿಸಿಲು ಅಂದೆ ನೋಡಿ, ಎಷ್ಟು ಓದಿದರೇನು.

ಹಾಳೆ ಕರಗಿದರೆ ಸಾಲದು, ಕರಗಿದ ಮೇಲೆ ಉಳಿದ ಮಣ್ಣಿನಲ್ಲಿ ಬೀಜ ಮೊಳೆಯಬೇಕು. ಇದು ಕೊನೆಯ ಪರೀಕ್ಷೆ. ಒಂದು ತಟ್ಟೆಯಲ್ಲಿ ಸಾದಾ ಮಣ್ಣು, ಇನ್ನೊಂದರಲ್ಲಿ ನಮ್ಮ ಗೊಬ್ಬರ, ಎರಡರಲ್ಲೂ ಅಷ್ಟಷ್ಟೇ ಒಣ ಬೀಜ, ಅಷ್ಟಷ್ಟೇ ನೀರು. ಎಷ್ಟು ಮೊಳೆತವು ಎಂದು ಎಣಿಸಿ ವರದಿ ಬರೆಯುವುದು. ಲೋಣಾವಳಾದ ದೊಡ್ಡ ಹೋಟೆಲಿನವರು ಈ ವರದಿ ನೋಡಿಯೇ ವರ್ಷದ ಆರ್ಡರ್ ಕೊಡುತ್ತೇವೆ ಅಂದಿದ್ದರು.

ಮಡಕಿ ಕಾಳು ಹಾಕಿದೆ. ಮೂರು ದಿನಕ್ಕೆ ಮಣ್ಣಿನ ತಟ್ಟೆಯಲ್ಲಿ ಹಸಿರು, ಗೊಬ್ಬರದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಬಾಲ. ಕಾಳು ಹಳೇದಿರಬೇಕು ಅಂದುಕೊಂಡೆ. ಒಂದೇ ಪೊಟ್ಟಣದ ಕಾಳು, ಒಂದು ತಟ್ಟೆಯಲ್ಲಿ ಹೊಸದು, ಇನ್ನೊಂದರಲ್ಲಿ ಹಳೇದಂತೆ! ಮರುದಿನ ಮನೆಯಲ್ಲಿ ಉಸಳಿ ಪಲ್ಯಕ್ಕೆಂದು ಅತ್ತೆ ಬಟ್ಟೆಯಲ್ಲಿ ಕಟ್ಟಿಟ್ಟ ಮಡಕಿ ಕಾಳು ಮೊಳಕೆ ಬಂದಿತ್ತು. ಒಂದು ಹಿಡಿ ಡಬ್ಬಿಗೆ ಹಾಕಿಕೊಂಡೆ. ಲ್ಯಾಬಿನಲ್ಲಿ ಆ ಮೊಳಕೆಗಳನ್ನೇ ಗೊಬ್ಬರದಲ್ಲಿ ಊರಿದೆ. 'ಸಸಿ ಬದುಕುತ್ತದೋ ಇಲ್ಲವೋ ನೋಡುವಾ' ಎಂದು ನನಗೆ ನಾನೇ ಹೇಳಿಕೊಂಡೆ. ಮೊಳಕೆ ಬಂದ ಕಾಳಿನ ಹೊಟ್ಟೆಯಲ್ಲಿ ನಾಲ್ಕು ದಿನದ ಬುತ್ತಿ ಇರುತ್ತದೆ, ಅದು ಕಲ್ಲಿನ ಮೇಲೂ ಹಸಿರಾಗಿರುತ್ತದೆ. ನಾಲ್ಕನೇ ದಿನ ಫೋಟೋ ತೆಗೆದೆ, ವರದಿ ಬರೆದೆ, ಸಹಿ ಹಾಕಿದೆ. ಐದನೇ ದಿನ ಆ ತಟ್ಟೆ ನೋಡಲಿಕ್ಕೆ ಹೋಗಲಿಲ್ಲ. ಮಾವಶಿಗೆ ಚೆಲ್ಲಿಬಿಡು ಅಂದೆ.

ವರದಿ ಕೈಗೆ ಬಂದ ಮೇಲೆ ಮಾಲೀಕರಿಗೆ ರೆಕ್ಕೆ ಬಂತು. ಒಳ್ಳೆಯ ಮನುಷ್ಯ, ಮಾತಿಗೆ ಮುಂಚೆ ಚಹಾ ತರಿಸುವವರು. ನವರಾತ್ರಿ ಎದುರಿಗಿತ್ತು. ಪುಣೆಯಲ್ಲಿ ಮರಾಠಿ ಮನೆಯಿರಲಿ, ನಮ್ಮ ಕಡೆಯ ಮನೆಯಿರಲಿ, ಮೊದಲ ದಿನ ಘಟ ಕೂಡಿಸುತ್ತಾರೆ. ಎಲೆಯ ಮೇಲೆ ಮಣ್ಣು ಹರವಿ, ಗೋಧಿ ಜೋಳ ಚೆಲ್ಲಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು ಒಂಬತ್ತು ದಿನ ದೀಪ. ಮೂರನೇ ದಿನಕ್ಕೆ ಮೊಳಕೆ, ದಸರೆಗೆ ಗೇಣುದ್ದ ಸಸಿ. ಸಸಿ ಎಷ್ಟು ಎತ್ತರವೋ ಮನೆ ಅಷ್ಟು ಬೆಳೆಯುತ್ತದೆ ಎಂಬುದು ನಂಬಿಕೆ. "ನಮ್ಮ ಹಾಳೆ ಮಣ್ಣಾಗಿ, ಆ ಮಣ್ಣಿನಲ್ಲಿ ದೇವಿ ಕೂರುತ್ತಾಳೆ. ಇದಕ್ಕಿಂತ ಜಾಹೀರಾತು ಬೇಕೇ?" ಅಂದರು. ಜರಡಿ ಹಿಡಿದ ಗೊಬ್ಬರವನ್ನು ನಮ್ಮದೇ ಹಾಳೆಯ ನಲವತ್ತು ಪಾಕೀಟುಗಳಲ್ಲಿ ತುಂಬಿಸಿದರು. ಕೆಲಸಗಾರರ ಮನೆಗಳಿಗೆಲ್ಲ ಒಂದೊಂದು, ಉಳಿದವು ಕೋಥರೂಡದಲ್ಲಿ ನಾವಿರುವ ಸೊಸೈಟಿಯ ಮನೆಗಳಿಗೆ. ಯಾರ ಯಾರಿಗೆ ಎಂದು ಪಟ್ಟಿ ಮಾಡಿ ಹಂಚಿದವಳು ನಾನೇ.

ಹಂಚುವಾಗ ನಾನು ನೋಡಲಿಕ್ಕೆ ಹೋಗದ ಆ ತಟ್ಟೆ ನೆನಪಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು. ಪಟ್ಟಿಯ ಮುಂದಿನ ಹೆಸರು ಕೂಗಿದೆ.

ಎರಡನೇ ದಿನ ನಮ್ಮ ಮನೆಯ ಘಟದಲ್ಲಿ ಏನೂ ಇರಲಿಲ್ಲ. ಎರಡನೇ ದಿನಕ್ಕೆ ಯಾವ ಗೋಧಿ ಮೊಳೆಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರನೇ ದಿನವೂ ಇಲ್ಲ. ಅತ್ತೆ ದೀಪಕ್ಕೆ ಎಣ್ಣೆ ಹಾಕುತ್ತ ಬೆರಳಿನಿಂದ ಮಣ್ಣು ಕೆದರಿ ನೋಡಿದರು. ಬೆರಳು ಮೂಸಿ ಸೆರಗಿಗೆ ಒರೆಸಿಕೊಂಡರು.

ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಘಟದ ಸುತ್ತ ಬೆರಳುದ್ದ ಹಸಿರು! ಕೈ ಮುಗಿಯಬೇಕೆಂದವಳು ಹಾಗೇ ನಿಂತೆ. ಗೋಧಿ ಒಂದು ರಾತ್ರಿಯಲ್ಲಿ ಬೆರಳುದ್ದ ಬೆಳೆಯುವುದಿಲ್ಲ. ಮಣ್ಣು ಮುಟ್ಟಿದೆ, ಕೆಂಪು, ಸೊಸೈಟಿಯ ತೋಟದ್ದು.

"ಅತ್ತಿ, ಇದು ಎಲ್ಲಿಂದ ಬಂತ್ರಿ?"

"ದೇವೀ ಕೃಪಾ."

"ಅತ್ತೀ..."

"ಎದುರಿನ ಮನಿಯಾಕಿ ಹಬ್ಬಕ್ಕ ಮೊದಲ ಹೆಚ್ಚಿಗಿ ಒಂದ್ ಬುಟ್ಟಿ ಹಾಕಿದ್ಳು, ಇಸಗೊಂಡ್ ಬಂದೆ. ಮನಿ ಅಂದಮ್ಯಾಲೆ ಹಸರ ಕಾಣಬೇಕವಾ. ನಾಕ್ ಮಂದಿ ಬರ್ತಾರ, ಹೋಗ್ತಾರ. ನಿನಗ್ಯಾಕ ಬೇಕು ಲ್ಯಾಬಿನ ಬುದ್ಧಿ?"

ನಗು ಬಂತು, ಅರ್ಧಕ್ಕೇ ನಿಂತಿತು. ಮೊಳೆತದ್ದನ್ನು ತಂದು ಊರಿ ಮೊಳೆಯಿತು ಅನ್ನುವುದು. ಲ್ಯಾಬಿನ ಬುದ್ಧಿಯೂ ಅದೇ ಆಗಿತ್ತಲ್ಲ!

ಅವತ್ತು ಕಾರ್ಖಾನೆಯಲ್ಲಿ ಹೆಂಗಸರ ಗಲಾಟೆ ಇರಲಿಲ್ಲ. ಪ್ಯಾಕಿಂಗ್ ಮೇಜಿನ ಸುತ್ತ ನವರಾತ್ರಿಯಲ್ಲಿ ಸೀರೆಯ ಬಣ್ಣ, ಉಪವಾಸದ ಸಾಬೂದಾಣೆ, ಅದೂ ಇದೂ ಮಾತಾಗಬೇಕು. ಯಾರೂ ಯಾರ ಮನೆಯ ಘಟದ ಸುದ್ದಿ ಎತ್ತುತ್ತಿರಲಿಲ್ಲ. ಪ್ರತಿಯೊಬ್ಬಳೂ ತನ್ನ ಮನೆಯಲ್ಲಿ ಮಾತ್ರ ಹೀಗೆ ಎಂದುಕೊಂಡು ಬಾಯಿ ಹೊಲಿದುಕೊಂಡಿದ್ದಳು. ಮೊಳೆಯದ ಘಟವನ್ನು ಯಾರು ಊರಿಗೆ ಹೇಳಿಕೊಂಡು ತಿರುಗುತ್ತಾರೆ?

ಮಾವಶಿ ಗುಂಡಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಸಲಿಕೆ ಮುಟ್ಟಿರಲಿಲ್ಲ.

"ಅಕ್ಕಾರ, ನನಗ ರಜಾ ಬೇಕ್ರಿ. ಸೊಸೀನ್ನ ಕರಕೊಂಡು ಊರಿಗೆ ಹೋಗ್ತೀನಿ."

ಅವಳ ಸೊಸೆ ಎಂಟು ತಿಂಗಳ ಬಸುರಿ. ಮೊದಲು ಎರಡು ಹೋಗಿದ್ದವು. ಈ ಸಲ ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು: ಏಳಬೇಡ, ಎತ್ತಬೇಡ, ಪ್ರಯಾಣ ಅಂತೂ ಕನಸಿನಲ್ಲೂ ಬೇಡ. ಆ ಚೀಟಿಯನ್ನು ಮಾವಶಿಗೆ ಓದಿ ಹೇಳಿದವಳೂ ನಾನೇ.

"ಹುಚ್ಚ ಹಿಡದದೇನು ನಿನಗ? ಜನರಲ್ ಡಬ್ಬಿಯೊಳಗ ಯಾದಗಿರಿ ತನಕಾ?"

"ಘಟ ಹುಟ್ಟಿಲ್ರಿ ಅಕ್ಕಾರ." ಅವಳ ದನಿ ಇಳಿಯಿತು. "ಒಂದ್ ಕಾಳೂ ಎದ್ದಿಲ್ಲ. ಎಲ್ಲಾ ಕಪ್ಪಾಗಿ ಕೊಳತಾವ. ಮೊದಲಿನ ಎರಡು ಹೋದ ಸಲಾನೂ ಘಟ ಇಷ್ಟ ಕೆಟ್ಟಿರಲಿಲ್ಲ. ತಾಯಿ ಸಿಟ್ಟಾಗ್ಯಾಳ. ಊರಿಗೆ ಹೋಗಿ ಸೊಸೀನ್ನ ಆಕೀ ಪಾದಕ್ಕ ಹಾಕಿ ಉಡಿ ತುಂಬಿಸ್ಕೊಂಡು ಬರ್ತೀನಿ. ಏಳನೇ ದಿನಕ್ಕ ಹೊಂಟೀವಿ. ಸೊಸಿ ಅಂತೂ ಅನ್ನಾ ಬಿಟ್ಟಾಳ. ನನ್ನ ಹೊಟ್ಟಿನೂ ಹಿಂಗ ಕೊಳೀತದೇನತ್ತಿ ಅಂತ ಕೇಳ್ತಾಳ. ಏನ್ ಹೇಳ್ಲಿ?"

ಅಲ್ಲೇ ಹೇಳಿಬಿಡಬಹುದಿತ್ತು. ಇದು ತಾಯಿಯ ಸಿಟ್ಟಲ್ಲ ಮಾವಶಿ, ನನ್ನ ಪುಡಿ ಎಂದು. ಖಾತ್ರಿ ಮಾಡಿಕೊಂಡು ಹೇಳೋಣ ಎಂಬ ನೆಪ ಸಿಕ್ಕಿತು. ನಮ್ಮಂಥ ಓದಿದವರಿಗೆ ಹೇಡಿತನಕ್ಕೆ ಯಾವಾಗಲೂ ಒಳ್ಳೆಯ ಹೆಸರು ಸಿಗುತ್ತದೆ.

ಅವತ್ತೇ ಎರಡು ತಟ್ಟೆ ಹೂಡಿದೆ. ಒಂದರಲ್ಲಿ ಅಂಗಳದ ಮಣ್ಣು, ಇನ್ನೊಂದರಲ್ಲಿ ಪಾಕೀಟಿನ ಗೊಬ್ಬರ. ಒಣ ಗೋಧಿ, ಐವತ್ತು ಐವತ್ತು ಕಾಳು. ಅಳೆದು ನೀರು. ಒಂದೇ ಕಿಟಕಿ. ವರದಿಗೆ ಮುಂಚೆ ಮಾಡಬೇಕಿದ್ದುದನ್ನು ಈಗ ಮಾಡುತ್ತಿದ್ದೆ.

ಐದನೇ ದಿನ ಮಾಲೀಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಮೊಳಕೆ ಕಾಳಿನ ವಿಷಯವನ್ನೂ ಬಿಡಲಿಲ್ಲ. ಚಹಾ ಆರಿತು. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಹಗುರಾಗುತ್ತಿತ್ತು. ಕಿಟಕಿಯ ಹೊರಗೆ ನೋಡುತ್ತ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: "ದಸರೆಯ ದಿನ ಹೋಟೆಲಿನವರು ಯಂತ್ರದ ಪೂಜೆಗೆ ಬರುತ್ತಾರೆ. ಅಲ್ಲೇ ಸಹಿ. ಅದಾದ ಮೇಲೆ ಪುಡಿ ಇಳಿಸಿ, ಮತ್ತೆ ಎರಡು ಮಾಡಿ. ಹಾಳೆ ಕೆಟ್ಟದ್ದಲ್ಲವಲ್ಲ. ಮಣ್ಣಿಗೆ ನೀರು ಹೆಚ್ಚಾಯಿತು ಅನ್ನಿ, ಕಾಳು ಕೆಟ್ಟಿದ್ದವು ಅನ್ನಿ." ಸ್ವಲ್ಪ ತಡೆದು, "ಮೇಡಂ, ವರದಿಯ ಮೇಲೆ ಸಹಿ ನಿಮ್ಮದು, ನನ್ನದಲ್ಲ. ಬಘೂಯಾ, ದಸರಾ ನಂತರ" ಅಂದರು.

ದಸರಾ ಆದ ಮೇಲೆ ನೋಡೋಣ. ಏಳನೇ ದಿನ ಗಾಡಿ ಹೊರಡುತ್ತದೆ.

ಆರನೇ ದಿನ ಮಾವಶಿ ಬರಲೇ ಇಲ್ಲ. ಫೋನ್ ಮಾಡಿದರೆ ಮಗ ಎತ್ತಿದ. ವಿಮಾನ ನಗರದಲ್ಲಿ ಯಾವುದೋ ಕಟ್ಟಡದ ಹತ್ತನೇ ಮಾಳಿಗೆಯಲ್ಲಿ ಗಾಳಿ ಬೀಸುವ ಸದ್ದು. "ಅವ್ವ ಯಾರ ಮಾತೂ ಕೇಳವಲ್ಲಳ್ರಿ. ಡಾಕ್ಟರ್ ಹೇಳಿದ್ದು ನನಗ ಗೊತ್ತದ. ಖರೆ, ಘಟಾನೂ ನಾ ನೋಡೀನಲ್ರಿ" ಅಂದ. ಅವನಿಗೂ ಹೆದರಿಕೆ ಹೊಕ್ಕಿತ್ತು. ಲ್ಯಾಬಿನ ಕಿಟಕಿಯಲ್ಲಿ ಮಣ್ಣಿನ ತಟ್ಟೆ ಅಲ್ಲಲ್ಲಿ ಬಿರಿದು ಬಿಳಿ ತುದಿ ಕಾಣಿಸಿತ್ತು. ಪಕ್ಕದ್ದು ಹಾಗೇ ಕರ್ರಗೆ ಇತ್ತು.

ಏಳನೇ ದಿನ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದೆ. ಮಣ್ಣಿನ ತಟ್ಟೆಯಲ್ಲಿ ನಲವತ್ತಾರು ಎದ್ದಿದ್ದವು. ಗೊಬ್ಬರದ್ದರಲ್ಲಿ ಎರಡು, ಅವೂ ಎದ್ದು ಬಾಗಿದ್ದವು. ಮೇಜಿನ ಮೇಲೆ ನನ್ನ ವರದಿಯ ಪ್ರತಿ ಇತ್ತು, ಹಸಿರು ಫೋಟೋ ಸಮೇತ. ಇಷ್ಟು ವರ್ಷ ಸಂಪಾದಿಸಿದ್ದು ಒಂದು ಹೆಸರು. ಬಾಯಿ ತೆರೆದರೆ ಅದು ಅವತ್ತೇ ಹೋಗುತ್ತದೆ. ತೆರೆಯದಿದ್ದರೆ ಆ ಹುಡುಗಿ ಗಾಡಿ ಹತ್ತುತ್ತಾಳೆ. ಹೀಗೆ ಇಟ್ಟು ನೋಡಿದರೆ ಯೋಚಿಸುವುದೇನೂ ಇರಲಿಲ್ಲ, ಆದರೂ ಕುರ್ಚಿಯಲ್ಲಿ ಒಂದು ಗಳಿಗೆ ಕುಳಿತೇ ಇದ್ದೆ. ಅದನ್ನೂ ಬರೆದುಬಿಡುತ್ತೇನೆ.

ಆಮೇಲೆ ಎರಡೂ ತಟ್ಟೆಗಳನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೊರಟೆ.

ಮಾವಶಿಯ ಮನೆ ತಗಡಿನ ಒಂದೇ ಖೋಲಿ. ಬಾಗಿಲ ಮುಂದೆ ಗಂಟು, ನೀರಿನ ಬಾಟಲಿ, ರಿಕ್ಷಾ ನಿಂತಿತ್ತು. ಸೊಸೆ ಹೊಸ್ತಿಲ ಮೇಲೆ ಗೋಡೆಗೆ ಆತು ಕುಳಿತಿದ್ದಳು. ಇಪ್ಪತ್ತೆರಡರ ಹುಡುಗಿ, ಕಣ್ಣ ಕೆಳಗೆ ಕಪ್ಪು. ಎರಡೂ ಕೈ ಹೊಟ್ಟೆಯ ಕೆಳಗೆ ಕೊಟ್ಟು ಅದನ್ನು ಹಿಡಿದುಕೊಂಡಿದ್ದಳು. ಒಳಗೆ ಮೂಲೆಯಲ್ಲಿ ದೀಪ ಉರಿಯುತ್ತಿತ್ತು, ಅದರ ಮುಂದೆ ಗಡಿಗೆ, ಗಡಿಗೆಯ ಸುತ್ತ ಬೋಳು ಕರೀ ಮಣ್ಣು. ಖೋಲಿ ತುಂಬ ನನ್ನ ಪುಡಿಯ ವಾಸನೆ.

ತಟ್ಟೆಗಳನ್ನು ನೆಲಕ್ಕಿಟ್ಟೆ. "ಮಾವಶಿ, ತಾಯಿ ಸಿಟ್ಟಾಗಿಲ್ಲ. ತಪ್ಪು ನಂದು. ಹಾಳಿಯೊಳಗ ನೀಲಗಿರಿ ಪುಡಿ ಭಾಳ ಹಾಕಿದೆ. ಅದು ಗೊಬ್ಬರದಾಗ ಉಳದದ. ಬೀಜಾನ ಏಳಗೊಡಂಗಿಲ್ಲ ಅದು. ನೋಡು, ಇದು ಮಣ್ಣು, ಇದು ನಮ್ಮ ಗೊಬ್ಬರ. ಒಂದೇ ದಿನ ಹಾಕೀನಿ."

ಅವಳು ಕುಕ್ಕರುಗಾಲಲ್ಲಿ ಕುಳಿತು ಎರಡನ್ನೂ ನೋಡಿದಳು. ಬೋಳು ತಟ್ಟೆಯಲ್ಲಿ ಬೆರಳು ಹಾಕಿ ಒಂದು ಕಾಳು ಎತ್ತಿ ಹಿಚುಕಿದಳು. ಕೊಳೆತ ಹಿಟ್ಟು ಹೊರಗೆ ಬಂತು.

"ನೀಲಗಿರಿ ಗಿಡದ ಬುಡಕ ಹುಲ್ಲೂ ಹುಟ್ಟಂಗಿಲ್ಲ, ಅದು ನನಗೂ ಗೊತ್ತದ್ರಿ" ಅಂದಳು. ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿದಳು. "ಆದ್ರ ಅಕ್ಕಾರ, ಹಿಂದಕ ನೀವು ಹಾಕಿದ ತಟ್ಟ್ಯಾಗ ಹಸರ ಇತ್ತಲ್ರಿ? ನಾನ ಚೆಲ್ಲೀನಿ. ಆವಾಗ ಕಾಳು ಒಣಾ ಹಾಕಿದ್ರೋ, ನೆನಸಿ ಮೊಳಕಿ ಬರಿಸಿ ಹಾಕಿದ್ರೋ?"

ಈ ಪ್ರಶ್ನೆಯನ್ನು ಮಾಲೀಕರು ಕೇಳಿರಲಿಲ್ಲ, ಹೋಟೆಲಿನವರು ಕೇಳಿರಲಿಲ್ಲ, ವರದಿ ಓದಿದ ಯಾರೂ ಕೇಳಿರಲಿಲ್ಲ. ಅಕ್ಷರ ಬಾರದ ಮಾವಶಿ ಕೇಳಿದಳು.

"ಮೊಳಕಿ ಬರಿಸಿದ್ದು" ಅಂದೆ. ನನ್ನ ಮುಖ ಎಲ್ಲಿಡಲಿ ಅನ್ನಿಸಿತು.

ಅವಳು ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. "ಹಂಗಾರ ಇದನ್ನೂ ಹ್ಯಾಂಗ್ ನಂಬಲಿ? ಇದನ್ನ ಬಿತ್ತಿದಾಕೀನೂ ನೀವೇ" ಅಂದಳು. ರಿಕ್ಷಾದವನು ಹಾರ್ನ್ ಹೊಡೆದ. ಸೊಸೆ ಅತ್ತೆಯ ಮುಖ, ನನ್ನ ಮುಖ ನೋಡುತ್ತ ಕುಳಿತಿದ್ದಳು.

ಮಾವಶಿ ಎದ್ದಳು. ಊರಿನಿಂದ ಬಂದಿದ್ದ ಜೋಳದ ಚೀಲ ಬಿಚ್ಚಿ ಒಂದು ಹಿಡಿ ತೆಗೆದಳು. ಹೊರಗೆ ಹೋಗಿ ನಲ್ಲಿಯ ಪಕ್ಕದ ಮಣ್ಣನ್ನು ಒಂದು ಬುಟ್ಟಿಗೆ ತುಂಬಿದಳು, ಉಳಿದ ಪಾಕೀಟಿನ ಗೊಬ್ಬರವನ್ನು ಇನ್ನೊಂದಕ್ಕೆ. ತನ್ನ ಕೈಯಿಂದ ಎರಡಕ್ಕೂ ಒಣ ಜೋಳ ಬಿತ್ತಿದಳು, ಒಂದೇ ತಂಬಿಗೆಯ ನೀರನ್ನು ಅರ್ಧರ್ಧ ಹಾಕಿದಳು, ಎರಡನ್ನೂ ದೇವಿಯ ಮುಂದೆ ಒತ್ತಟ್ಟಿಗೆ ಇಟ್ಟಳು.

"ಮೂರ್ ದಿನಾ. ತಾಯಿ ಮುಂದ ಇಟ್ಟೀನಿ, ಆಕೀನ ಹೇಳ್ಲಿ. ಎರಡೂ ಹುಟ್ಟಲಿಲ್ಲಂದ್ರ ನೀವು ಅಡ್ಡ ಬರಂಗಿಲ್ರಿ." ರಿಕ್ಷಾದವನಿಗೆ ಹೋಗು ಎಂದು ಕೈ ಬೀಸಿದಳು.

ಆ ಮೂರು ದಿನ ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ವಿಜ್ಞಾನ ಬಲ್ಲವಳು, ಮಣ್ಣಿನಲ್ಲಿ ಜೋಳ ಮೊಳೆಯುತ್ತದೆಂದು ಗೊತ್ತಿದ್ದವಳು, ಆದರೂ ಹಳೇ ಜೋಳವಾದರೆ? ಇಲಿ ಬಂದರೆ? ನಲ್ಲಿಯ ಹತ್ತಿರ ಸೋಪಿನ ನೀರು ಹರಿದ ಮಣ್ಣಾಗಿದ್ದರೆ? ಎಂಟನೇ ದಿನ ಹೋಟೆಲಿನವರಿಗೂ, ಮಾಲೀಕರಿಗೂ ಪತ್ರ ಬರೆದೆ: ನನ್ನ ವರದಿಯ ಮೊಳಕೆ ಪರೀಕ್ಷೆ ಸುಳ್ಳು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮಾಲೀಕರು ಪತ್ರ ಓದಿ ಮಡಚಿ ಕಿಸೆಗೆ ಹಾಕಿಕೊಂಡರು. ಅವತ್ತು ಚಹಾ ತರಿಸಲಿಲ್ಲ. ದಸರೆಗೆ ಯಂತ್ರದ ಪೂಜೆ ನಡೆಯಿತು, ಹೋಟೆಲಿನವರು ಬರಲಿಲ್ಲ.

ನಾನೂ ಪೂಜೆಗೆ ನಿಲ್ಲದೆ ಮಾವಶಿಯ ಮನೆಗೆ ಹೋದೆ. ಬಾಗಿಲ ಒಳಗೇ ಸೊಸೆ ಗೋಡೆಗೆ ಆತು ಕುಳಿತಿದ್ದಳು. ಅವಳ ಜಡೆಯಲ್ಲಿ ಜೋಳದ ಎಳೇ ಸಸಿ ಸಿಗಿಸಿತ್ತು. ಒಳಗೆ ಒಂದು ಬುಟ್ಟಿ ಹಸಿರು, ಒಂದು ಬುಟ್ಟಿ ಬೋಳು. ನನಗೆ ಅಳು ಬಂದುಬಿಟ್ಟಿತು, ಅಳುತ್ತ ಹೊಸ್ತಿಲ ಮೇಲೆ ಕುಳಿತೆ. ಆ ಹುಡುಗಿಗೆ ಮುಂದೆ ಹೆಣ್ಣು ಹುಟ್ಟಿತು, ಪುಣೆಯಲ್ಲೇ, ಅದೇ ಡಾಕ್ಟರಮ್ಮನ ಕೈಯಲ್ಲಿ. ಅವತ್ತು ಅದು ಗೊತ್ತಿರಲಿಲ್ಲ, ಅವತ್ತಿಗೆ ಸಸಿ ಅಷ್ಟೇ ಇತ್ತು.

ಮಾವಶಿ ನನಗೂ ಒಂದು ಸಸಿ ಕೊಡುತ್ತಾಳೇನೋ ಎಂದು ನೋಡಿದೆ. ಕೊಡಲಿಲ್ಲ.

"ನಲವತ್ತು ಪಾಕೀಟ ಇದ್ದೂವಲ್ರಿ ಅಕ್ಕಾರ" ಅಂದಳು. "ನಾನ ಜರಡಿ ಹಿಡಿದೀನಿ, ನಾನ ತುಂಬೀನಿ. ನನ್ನ ಮನಿಗೆ ನೀವು ಬಂದ್ರಿ. ಉಳಿದವರ ಮನಿಗೆ ಯಾರ್ ಹೋಗ್ತಾರ?"

ಪಟ್ಟಿ ನನ್ನ ಚೀಲದಲ್ಲೇ ಇತ್ತು. ದಸರೆಯ ದಿನ ನಮ್ಮ ಕಡೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುವುದು ಪದ್ಧತಿ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುವುದು, ಹಳೇ ಮನಸ್ತಾಪ ಮರೆಯುವುದು. ರಸ್ತೆ ಕೂಡುವ ನಾಕಾದಲ್ಲಿ ಒಂದು ಹೊರೆ ಬನ್ನಿ ಕೊಂಡೆ. ಮಾವಶಿ ಮೊಣಕಾಲು ಹಿಡಿದುಕೊಂಡು ಸ್ಕೂಟರಿನ ಹಿಂದೆ ಕುಳಿತಳು. ಪ್ರತಿ ಬಾಗಿಲಲ್ಲೂ ಎಲೆ ಕೊಟ್ಟು ಅದೇ ಮಾತು: ನಿಮ್ಮ ಘಟದಲ್ಲಿ ದೋಷವಿಲ್ಲ, ಮಣ್ಣಿನಲ್ಲಿ ಇತ್ತು, ತಪ್ಪು ನನ್ನದು. ಕೆಲವರು ನಕ್ಕರು. ಕೆಲವರು ನಮ್ಮತ್ತೆಯ ಹಾಗೆ ಹಸಿರು ಇಸಕೊಂಡು ಇಟ್ಟಿದ್ದರು, ಅವರಿಗೆ ಸಿಟ್ಟು ಬಂತು. ಒಬ್ಬಾಕೆ ಒಂಬತ್ತು ದಿನ ತಡೆದಿದ್ದ ಉಸಿರು ಬಿಟ್ಟು ನನ್ನ ಕೈ ಹಿಡಿದುಕೊಂಡಳು.

ಹದಿಮೂರನೇ ಬಾಗಿಲು ಪ್ಯಾಕಿಂಗಿನಲ್ಲಿ ಕೆಲಸ ಮಾಡುವ ಕಲಬುರಗಿ ಕಡೆಯ ಹೆಂಗಸಿನದು. ಬೇಸಿಗೆಯಲ್ಲಿ ಮಗನ ಮದುವೆ ಮಾಡಿದ್ದಳು, ಕಾರ್ಖಾನೆಗೆಲ್ಲ ಬುಂದಿ ಹಂಚಿದ್ದಳು. ಬನ್ನಿ ತೆಗೆದುಕೊಂಡಳು. ನಾನು ಹೇಳಿ ಮುಗಿಸುವ ತನಕ ಕೈಯಲ್ಲಿ ಎಲೆ ಹಿಡಿದುಕೊಂಡು ನಿಂತೇ ಇದ್ದಳು. ಒಳಗೆ ಮಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

"ಸೊಸೀನ್ನ ಐದನೇ ದಿನಾನ ತವರಿಗೆ ಕಳಿಸೀವ್ರಿ" ಅಂದಳು. "ಆಕೀ ಕಾಲ್ಗುಣ ಅಂತ ಬಾಯಿಗೆ ಬಂದದ್ದು ಅಂದೀನಿ ನಾನು. ಏನೇನೋ ಅಂದೀನಿ. ಒಂದೂ ಎದುರು ಮಾತಾಡಲಿಲ್ಲ, ಅಳಲಿಲ್ಲ ಸೈತ. ಚೀಲಾ ತಗೊಂಡು ಹೋದ್ಳು."

ಒಳಗೆ ಹೋಗಿ ಫೋನ್ ತಂದಳು. ಸೊಸೆಯ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು.

"ನನಗ ಬಾಯಿ ಇಲ್ರಿ ಈಗ. ನೀವೇ ಹೇಳ್ರಿ."

ಕಿವಿಗೆ ಹಚ್ಚಿಕೊಂಡೆ. ಅತ್ತ ರಿಂಗ್ ಆಗುತ್ತಿತ್ತು. ಪೂರ್ತಿ ಆಗಿ ನಿಂತಿತು. ಅವಳು ನನ್ನ ಕೈಯಿಂದ ಫೋನ್ ಇಸಕೊಂಡು ಮತ್ತೆ ಒತ್ತಿ ಕೊಟ್ಟಳು. ಮಗ ಗೋಡೆಯಿಂದ ಈ ಕಡೆ ಹೊರಳಿ ನನ್ನನ್ನು ನೋಡಿದ. ಮಾವಶಿ ಹಿಂದಿನಿಂದ ನನ್ನ ಸೆರಗು ಹಿಡಿದುಕೊಂಡಿದ್ದಳು. ಮತ್ತೆ ರಿಂಗ್ ಆಯಿತು, ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.